365 ಡಿಗ್ರಿಯ ಗೊಂದಲ: ಒಂದು ದಟ್ಟ ತಲೆ, ಮೂರು ಸ್ಟ್ರೈಟ್ನರ್, ನನ್ನದೊಂದು ತಪ್ಪು ಸಲಹೆ

ಕಳೆದ ವರ್ಷ ಫೆಬ್ರುವರಿಯ ಒಂದು ಸಂಜೆ ಆಕೆ ನನ್ನ ಪಾರ್ಲರಿನ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟರು. ಮಂಡಕ್ಕಿ ಕಟ್ಟಿಕೊಡುವಂತೆ ಅಚ್ಚುಕಟ್ಟಾಗಿ ಮಡಿಸಿದ ಪೊಟ್ಟಣ. ಬಿಚ್ಚಿದರೆ ಒಳಗೆ ಕೂದಲು. ಒಂದು ವಾರ ಬಾಚಣಿಗೆಗೆ ಬಂದದ್ದನ್ನೆಲ್ಲ ಕೂಡಿಟ್ಟಿದ್ದರು.

ಬುಡದಿಂದ ಉದುರಿದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಕಾಣುತ್ತದೆ. ಇವುಗಳಲ್ಲಿ ಅದಿರಲಿಲ್ಲ. ಬೆರಳುದ್ದದವು, ಗೇಣುದ್ದದವು, ಎಲ್ಲವೂ ನಡುವೆ ಮುರಿದ ತುಂಡುಗಳು. ಒಂದನ್ನು ಎರಡು ಬೆರಳಿನ ನಡುವೆ ಬಾಗಿಸಿದೆ. ಒಣಗಿದ ಪೊರಕೆ ಕಡ್ಡಿಯಂತೆ ಸದ್ದಿಲ್ಲದೆ ಎರಡಾಯಿತು.

‘ಅಕ್ಕ, ಉದುರುವುದಕ್ಕೆ ಎಣ್ಣೆ ಯಾವುದು ಒಳ್ಳೆಯದು?’ ಎಂದು ಕೇಳಿದರು. ಉದುರುವುದೇ ಬೇರೆ, ಮುರಿಯುವುದೇ ಬೇರೆ. ಎಣ್ಣೆಯ ಮಾತು ಆಮೇಲೆ ಎಂದೆ. ಅಷ್ಟರ ಮಟ್ಟಿಗೆ ನಾನು ಹೇಳಿದ್ದು ಸರಿಯಿತ್ತು. ಅದಾದ ಮೇಲೆ ಹೇಳಿದ್ದರಲ್ಲಿ ಅರ್ಧ ತಪ್ಪು. ಆ ತಪ್ಪಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆಕೆ ಓದಿ ಒಪ್ಪಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಆಕೆ ಪಿಯು ಕಾಲೇಜಿನ ಉಪನ್ಯಾಸಕಿ, ಇನ್ನೂ ಮೂವತ್ತು ದಾಟಿಲ್ಲ. ಮನೆ ದಾವಣಗೆರೆಯಲ್ಲಿ, ಕಾಲೇಜು ಬಸ್ಸಿನಲ್ಲಿ ಒಂದು ಗಂಟೆಯ ದೂರದ ಊರಿನಲ್ಲಿ. ಬೆಳಗ್ಗೆ 7.40ರ ಬಸ್ಸು ತಪ್ಪಿದರೆ ಮೊದಲ ಪಿರಿಯಡ್ ತಪ್ಪಿದಂತೆಯೇ. ಕೂದಲು ಸೊಂಟಕ್ಕಿಂತ ಒಂದು ಗೇಣು ಮೇಲೆ ನಿಲ್ಲುತ್ತದೆ. ಒಟ್ಟು ಮಾಡಿ ಹಿಡಿದರೆ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಾಗುವುದಿಲ್ಲ. ಪೂರ್ತಿ ಗುಂಗುರಲ್ಲ. ಕಿವಿಯವರೆಗೆ ನೆಟ್ಟಗೆ ಇಳಿದು, ಅಲ್ಲಿಂದ ಕೆಳಗೆ ಅಲೆಅಲೆಯಾಗುವ ಜಾತಿ. ಮಳೆಗಾಲ ಬಂತೆಂದರೆ ಮೇಲ್ಪದರವೆಲ್ಲ ಕೆದರಿ ನಿಲ್ಲುತ್ತದೆ.

ಓದುವ ಕಾಲಕ್ಕೆಲ್ಲ ತಾಯಿ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕುತ್ತಿದ್ದರಂತೆ, ತೊಂದರೆಯೇ ಇರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಸ್ಟಾಫ್ ರೂಮಿನಲ್ಲಿ ಹಿರಿಯರೊಬ್ಬರು ‘ಏನಮ್ಮಾ, ತಲೆ ಬಾಚಿಕೊಳ್ಳುವುದಕ್ಕೂ ಪುರಸೊತ್ತಿಲ್ಲವೇ?’ ಎಂದರು. ಮಾತು ಅಷ್ಟೇ. ಅದರ ಬೆನ್ನಿಗೇ, ಕಾದ ಎರಡು ಪ್ಲೇಟುಗಳ ನಡುವೆ ಎಳೆದು ಕೂದಲನ್ನು ನೆಟ್ಟಗೆ ಮಾಡುವ ಸ್ಟ್ರೈಟ್ನರ್ ಮನೆಗೆ ಬಂತು.

ಮೊದಲನೆಯದನ್ನು ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು ತಂದುಕೊಟ್ಟಿದ್ದರು. ಪಿನ್ ಇಲ್ಲಿನ ಸಾಕೆಟ್ಟಿಗೆ ಕೂಡುತ್ತಿರಲಿಲ್ಲವಾದ್ದರಿಂದ ಅಡಾಪ್ಟರ್ ಹಾಕಿ ಚುಚ್ಚಿದರು. ಎರಡು ನಿಮಿಷಕ್ಕೆ ಪ್ಲಾಸ್ಟಿಕ್ ಕಮರಿ ಹೊಗೆ ಬಂತು, ಅಲ್ಲಿಗೆ ಅದರ ಕಥೆ ಮುಗಿಯಿತು. ಹಿಡಿಕೆಯ ಮೇಲೆ ‘120 ವೋಲ್ಟ್’ ಎಂದು ಅಚ್ಚಾಗಿತ್ತು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ವೋಲ್ಟೇಜ್ ಹತ್ತಿರಹತ್ತಿರ ಎರಡರಷ್ಟಾದರೆ ಕಾಯುವ ತಂತಿಯ ಮೇಲೆ ಬೀಳುವ ಶಕ್ತಿ ಮೂರೂವರೆ ಪಟ್ಟಿಗೂ ಹೆಚ್ಚು. ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ. ಕರೆಂಟಿನ ವೋಲ್ಟೇಜಿಗೆ ಅದು ಕೈ ಹಚ್ಚುವುದಿಲ್ಲ. ಹೊರದೇಶದಿಂದ ತಂದ ಯಂತ್ರದ ಮೇಲೆ ‘100–240’ ಅಥವಾ ‘220–240’ ಎಂದಿದ್ದರೆ ಮಾತ್ರ ಇಲ್ಲಿ ಬಳಸಬಹುದು.

ಯಂತ್ರ ಸತ್ತರೂ ಆ ಅಮೆರಿಕದ ಅಕ್ಕ ಫೋನಿನಲ್ಲಿ ಹೇಳಿದ್ದ ಒಂದು ಮಾತು ಆಕೆಯ ತಲೆಯಲ್ಲಿ ಉಳಿಯಿತು: ‘ನನ್ನ ಕೂದಲೂ ನಿನ್ನ ಹಾಗೆಯೇ, ನಾನು 365ಕ್ಕೆ ಇಡುತ್ತೇನೆ.’ ಈ ಅಂಕಿಯನ್ನು ನೆನಪಿನಲ್ಲಿಡಿ.

ಎರಡನೆಯದು ಇಲ್ಲಿಯೇ ಅಂಗಡಿಯಲ್ಲಿ ಕೊಂಡದ್ದು. ಅಗ್ಗದ್ದು. ಒಂದು ಸ್ವಿಚ್, ಒಂದು ಕೆಂಪು ದೀಪ, ಎಷ್ಟು ಕಾದಿದೆ ಎಂದು ತಿಳಿಯಲು ಬೇರೇನೂ ಇಲ್ಲ. ಪ್ಲೇಟಿನ ಅಗಲ ಎರಡು ಸೆಂಟಿಮೀಟರು. ನನ್ನಲ್ಲಿಗೆ ತಂದಾಗ ಪ್ಲೇಟಿನ ಅಂಚಿನಲ್ಲಿ ಸೆರಾಮಿಕ್ ಲೇಪ ಎದ್ದು, ಹಳೆಯ ದೋಸೆ ತವೆಯಂತೆ ಅಲ್ಲಲ್ಲಿ ಲೋಹ ಇಣುಕುತ್ತಿತ್ತು.

ಸಮಸ್ಯೆ, ಮತ್ತು ನಾನು ಅದನ್ನು ಓದಿದ ರೀತಿ

ದೂರು ಎರಡಿತ್ತು. ಕಾಲೇಜು ಮುಟ್ಟುವಷ್ಟರಲ್ಲಿ ಅಲೆ ಮರಳಿ ಬರುತ್ತದೆ. ಹಣೆಯ ಮೇಲಿನ ಮತ್ತು ನೆತ್ತಿಯ ಕೂದಲು ಮುರಿದು, ಚಿಕ್ಕ ಮಕ್ಕಳ ಕೂದಲಿನಂತೆ ನಿಗುರಿ ನಿಲ್ಲುತ್ತದೆ. ಕೂದಲು ನೇರವೂ ಆಗುತ್ತಿಲ್ಲ, ಉಳಿಯುತ್ತಲೂ ಇಲ್ಲ.

ಯಂತ್ರ ನೋಡಿದೆ, ತಲೆ ನೋಡಿದೆ, ಐದೇ ನಿಮಿಷದಲ್ಲಿ ತೀರ್ಪು ಕೊಟ್ಟೆ: ‘ಇಷ್ಟು ದಪ್ಪ ಕೂದಲಿಗೆ ಈ ಆಟಿಕೆ ಸಾಲದು. ಶಾಖ ಸಾಲದೆ ನೀವು ಒಂದೇ ಎಳೆಯ ಮೇಲೆ ಏಳೆಂಟು ಸಲ ಓಡಿಸುತ್ತಿದ್ದೀರಿ, ಅದಕ್ಕೇ ಮುರಿಯುತ್ತಿದೆ. ಅಗಲವಾದ ಟೈಟಾನಿಯಂ ಪ್ಲೇಟಿನದನ್ನು ತೆಗೆದುಕೊಳ್ಳಿ, 230 ಡಿಗ್ರಿಗೆ ಇಡಿ, ಒಂದೇ ಸಲ ಎಳೆಯಿರಿ.’

ಕೇಳಲು ತರ್ಕಬದ್ಧವಾಗಿಯೇ ಇದೆ. ಹದಿನೇಳು ವರ್ಷ ಈ ಕೆಲಸ ಮಾಡಿದವಳ ಆತ್ಮವಿಶ್ವಾಸ ಬೇರೆ. ಟೈಟಾನಿಯಂ ಬೇಗ ಕಾಯುತ್ತದೆ, ಶಾಖವನ್ನು ಕೂದಲಿಗೆ ಬೇಗ ದಾಟಿಸುತ್ತದೆ; ಪಾರ್ಲರಿನಲ್ಲಿ ನಾವು ಅದನ್ನೇ ಬಳಸುತ್ತೇವೆ. ಆಕೆಗೂ ಸಲಹೆ ಹಿಡಿಸಿತು. ಅಕ್ಕ ಹೇಳಿದ 365ಕ್ಕೆ ಇಲ್ಲಿನ ಯಾವ ಯಂತ್ರವೂ ಹೋಗುವುದಿಲ್ಲ, 230 ಎಂದರೆ ಇನ್ನೂ ಕಡಿಮೆಯೇ ಎಂದುಕೊಂಡಿದ್ದರು. ಹಾಗಂದುಕೊಂಡದ್ದನ್ನು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹಳೆಯ ಯಂತ್ರವೊಂದನ್ನೇ ಸ್ವಲ್ಪ ದಿನದ ಮಟ್ಟಿಗೆ ಕೊಟ್ಟು ಕಳಿಸಿದೆ.

ಮೊದಲ ವಾರ ಫೋನಿನಲ್ಲಿ ಸಂತೋಷದ ಮಾತು. ಕೂದಲು ಕನ್ನಡಿಯ ಹಾಗೆ ಹೊಳೆಯುತ್ತಿದೆ ಎಂದರು. ಮೂರನೆಯ ವಾರ ಪೊಟ್ಟಣ ಮತ್ತೆ ಬಂತು, ಈ ಸಲ ಎರಡು ಪಟ್ಟು ದಪ್ಪವಾಗಿ.

ಮಾಡಿ ತೋರಿಸಿ

ಇಲ್ಲಿ ನಾನು ಎರಡು ಕೆಲಸ ಮಾಡಿದೆ, ಎರಡೂ ತಡವಾಗಿ. ಮೊದಲು ಆಕೆಯನ್ನು ಚರ್ಮರೋಗ ತಜ್ಞರ ಬಳಿಗೆ ಕಳಿಸಿದೆ. ಅವರು ಮುರಿದ ಎಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಎಳೆಯ ಒಳಗೇ ಗುಳ್ಳೆಗಳಿವೆ ಎಂದು ತೋರಿಸಿದರು. ಇದಕ್ಕೆ ‘ಬಬಲ್ ಹೇರ್’ ಎಂಬ ಹೆಸರೇ ಇದೆ. ನೆತ್ತಿಯ ಚರ್ಮದಲ್ಲಿ ರೋಗವಿಲ್ಲ. ಕೂದಲು ಹುಟ್ಟುತ್ತಿರುವುದು ಚೆನ್ನಾಗಿಯೇ ಇದೆ, ಹೊರಬಂದ ಮೇಲೆ ಬೇಯುತ್ತಿದೆ.

ಎರಡನೆಯದಾಗಿ ಒಂದು ಭಾನುವಾರ ಆಕೆಗೆ ಹೇಳಿದೆ: ‘ನಾಳೆ ಬೆಳಗ್ಗೆ ಆರಕ್ಕೆ ಇಲ್ಲಿಗೇ ಬನ್ನಿ. ಮನೆಯಲ್ಲಿ ಏನೇನು ಮಾಡುತ್ತೀರೋ ಎಲ್ಲವನ್ನೂ ಇಲ್ಲಿ ಮಾಡಿ. ನಾನು ಬಾಯಿ ತೆರೆಯುವುದಿಲ್ಲ.’

6.10ಕ್ಕೆ ತಲೆಗೆ ನೀರು ಹಾಕಿಕೊಂಡರು. 6.30ಕ್ಕೆ ಟವೆಲ್ ಸುತ್ತಿ ಹೊರಬಂದರು. ಕಾಫಿ ಕುಡಿದರು. 6.45ಕ್ಕೆ ಟವೆಲ್ ಬಿಚ್ಚಿ, ಫ್ಯಾನಿನ ಕೆಳಗೆ ನಿಂತು ಎರಡು ನಿಮಿಷ ಕೊಡವಿ, ಅಂಗೈಗೆ ನಾಲ್ಕು ಹನಿ ಗಾಣದ ಕೊಬ್ಬರಿ ಎಣ್ಣೆ ಹಾಕಿಕೊಂಡು ಕೂದಲಿಗೆ ಸವರಿದರು. ಆಮೇಲೆ ಕಾದ ಪ್ಲೇಟಿನ ನಡುವೆ ಎರಡು ಬೆರಳು ದಪ್ಪದ ಕಂತೆಯೊಂದನ್ನು ಹಿಡಿದು ಎಳೆದರು.

ಒಗ್ಗರಣೆಗೆ ಕರಿಬೇವು ಬಿದ್ದ ಹಾಗೆ ಚುಂಯ್ ಎಂದಿತು. ಬಿಳಿ ಹಬೆ ಎದ್ದಿತು. ಹಬೆಯೊಳಗೆ ಎಣ್ಣೆ ಸುಟ್ಟ ವಾಸನೆ.

‘ಈ ಸದ್ದು ದಿನಾ ಬರುತ್ತದೆಯೇ?’

‘ಬರುತ್ತದೆ ಅಕ್ಕ. ಸದ್ದು ಬಂದರೆ ಚೆನ್ನಾಗಿ ಕಾದಿದೆ ಎಂದಲ್ಲವೇ?’

ಬಾಯಿ ತೆರೆಯುವುದಿಲ್ಲ ಎಂದಿದ್ದೆ. ನಿಜಕ್ಕೂ ಮಾತು ಹೊರಡಲಿಲ್ಲ. ಅಷ್ಟೂ ದಿನ ನಾನು ಯಂತ್ರವನ್ನು ವಿಚಾರಿಸಿದ್ದೆ, ತಲೆಯನ್ನು ಮುಟ್ಟಿ ನೋಡಿದ್ದೆ. ಆಕೆಯ ಬೆಳಗನ್ನು ಕೇಳಿರಲಿಲ್ಲ. ಒದ್ದೆ ಕೂದಲನ್ನು ಕಾಯಿಸುತ್ತಿದ್ದವರ ಕೈಗೆ ಇನ್ನಷ್ಟು ಶಾಖ ಕೊಟ್ಟು ಕಳಿಸಿದ್ದೆ.

ಒಳಗೆ ಆಗುವುದೇನು

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಆ ಪ್ರೋಟೀನಿನ ಸರಪಳಿಗಳನ್ನು ಎರಡು ಬಗೆಯ ಬೆಸುಗೆಗಳು ಮುಖ್ಯವಾಗಿ ಹಿಡಿದಿರುತ್ತವೆ. ಒಂದು ಸಡಿಲವಾದ ಹೈಡ್ರೋಜನ್ ಬಂಧ. ನೀರು ತಾಗಿದರೂ ಬಿಡುತ್ತದೆ, ಶಾಖ ತಾಗಿದರೂ ಬಿಡುತ್ತದೆ, ಒಣಗಿದಾಗ ಅಥವಾ ಆರಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಇನ್ನೊಂದು ಗಂಧಕದ ಗಟ್ಟಿ ಬಂಧ. ಅದನ್ನು ಬಿಡಿಸಲು ರೀಬಾಂಡಿಂಗ್ ಮಾಡುವಾಗಿನಂತೆ ರಾಸಾಯನಿಕವೇ ಬೇಕು. ಸ್ಟ್ರೈಟ್ನರ್ ಆಟವಾಡುವುದು ಸಡಿಲ ಬಂಧದ ಜೊತೆ. ಕಾಯಿಸಿ ಬಿಡಿಸು, ನೆಟ್ಟಗೆ ಹಿಡಿ, ಆರುವಾಗ ಹಾಗೆಯೇ ಕೂಡಿಕೊಳ್ಳಲಿ. ಮುಂದೆ ಗಾಳಿಯ ತೇವ ಸಿಕ್ಕಿದೊಡನೆ ಅದೇ ಬಂಧ ಮತ್ತೆ ಸಡಿಲಿ ಹುಟ್ಟಿನ ಅಲೆ ವಾಪಸ್ಸು ಬರುತ್ತದೆ. ಆದ್ದರಿಂದ ಸ್ಟ್ರೈಟ್ನರ್ ಮಾಡುವ ಕೆಲಸ ಹೇಗಿದ್ದರೂ ತಾತ್ಕಾಲಿಕ. ಶಾಖ ಏರಿಸಿ ಅದನ್ನು ಶಾಶ್ವತ ಮಾಡಲು ಬರುವುದಿಲ್ಲ.

ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರನ್ನು ಒಳಗೆ ಹೀರಿಕೊಳ್ಳಬಲ್ಲದು. ಮೇಲೆ ಮುಟ್ಟಿದರೆ ಒಣಗಿದಂತೆ ಅನಿಸಿದರೂ ಒಳಗೆ ನೀರಿರುತ್ತದೆ. 200 ಡಿಗ್ರಿಯ ಪ್ಲೇಟು ತಾಗಿದರೆ ಆ ನೀರು ಅಲ್ಲಿಯೇ ಆವಿಯಾಗುತ್ತದೆ, ಹೊರಬರಲು ದಾರಿಯಿಲ್ಲದೆ ಎಳೆಯನ್ನು ಒಳಗಿಂದ ಉಬ್ಬಿಸುತ್ತದೆ. ಡಾಕ್ಟರು ತೋರಿಸಿದ ಗುಳ್ಳೆ ಅದೇ. ಸಾಲದ್ದಕ್ಕೆ ಒಣ ಕೂದಲು ತಡೆಯುವಷ್ಟು ಶಾಖವನ್ನು ಒದ್ದೆ ಕೂದಲು ತಡೆಯುವುದಿಲ್ಲ: ಒಣಗಿದ್ದರೆ 200 ದಾಟಿದ ಮೇಲೆ ಕೆಡುವ ಕೆರಾಟಿನ್, ಒದ್ದೆಯಿದ್ದರೆ 150ರ ಆಸುಪಾಸಿನಲ್ಲೇ ಕೆಡುತ್ತದೆ. ಎಣ್ಣೆಯ ಕಥೆಯೂ ಹೀಗೆಯೇ. ಗಾಣದ ಕೊಬ್ಬರಿ ಎಣ್ಣೆ 175 ಡಿಗ್ರಿಯ ಹೊತ್ತಿಗೆ ಹೊಗೆಯಾಡತೊಡಗುತ್ತದೆ. ತಲೆಸ್ನಾನಕ್ಕೆ ಮುಂಚೆ ಹಚ್ಚಿದರೆ ಅದು ನಿಜವಾಗಿಯೂ ಕೂದಲನ್ನು ಕಾಯುತ್ತದೆ. ಪ್ಲೇಟಿನ ಕೆಳಗೆ ಅದೇ ಎಣ್ಣೆ ಬಾಣಲೆಯ ಎಣ್ಣೆ.

365ರ ರಹಸ್ಯ ಬಯಲಾದದ್ದೂ ಆ ಬೆಳಗ್ಗೆಯೇ. ‘230 ಸಾಲುವುದಿಲ್ಲವೇನೋ ಅಕ್ಕ, ಅಮೆರಿಕದಲ್ಲಿ 365 ಇಡುತ್ತಾರಂತೆ’ ಎಂದರು. ಅಮೆರಿಕದ ಅಕ್ಕ ಹೇಳಿದ್ದು ಫ್ಯಾರನ್‌ಹೀಟ್. ನಮ್ಮ ಸೆಲ್ಸಿಯಸ್ ಲೆಕ್ಕದಲ್ಲಿ ಅದು 185 ಡಿಗ್ರಿ. ನಾನು ಇಡಿ ಎಂದ 230, ಅವರ ಲೆಕ್ಕದಲ್ಲಿ 446. ಅಕ್ಕ ಎಂದೂ ಮುಟ್ಟದ ಶಾಖದಲ್ಲಿ, ಅಕ್ಕನಷ್ಟು ಕಾಯಿಸುತ್ತಿಲ್ಲವಲ್ಲ ಎಂಬ ಕೊರಗಿನೊಂದಿಗೆ, ತಂಗಿ ಕೂದಲು ಬೇಯಿಸುತ್ತಿದ್ದರು.

ನನ್ನ ಎರಡನೆಯ ತಪ್ಪೂ ಆಗಲೇ ಕಂಡಿತು. ‘ದಪ್ಪ ಕೂದಲು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ಸಂಗತಿ ಅಡಗಿವೆ. ಎಳೆ ಎಳೆಯೂ ದಪ್ಪವಾಗಿರುವುದು ಒಂದು. ಎಳೆ ಸಾಧಾರಣವಾಗಿದ್ದು ರಾಶಿ ದಟ್ಟವಾಗಿರುವುದು ಇನ್ನೊಂದು. ಒಂದೇ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಬೇಕು. ಹೊಲಿಗೆ ದಾರದ ಹಾಗೆ ಕೈಗೆ ಹತ್ತಿದರೆ ಎಳೆಯೇ ದಪ್ಪ, ಇದ್ದೂ ಇಲ್ಲದಂತೆ ಅನಿಸಿದರೆ ತೆಳು. ಈಕೆಯದು ನಡುವಿನದು, ಹಣೆಯ ಮೇಲಿನದಂತೂ ತೀರಾ ತೆಳು. ರಾಶಿಯನ್ನು ಕಂಡು ಎಳೆಯೂ ಗಟ್ಟಿ ಎಂದು ನಾನು ಅಂದಾಜು ಮಾಡಿದ್ದೆ. ಎಳೆ ದಪ್ಪವಿದ್ದರೆ ಶಾಖ ತುಸು ಹೆಚ್ಚು ಬೇಕಾದೀತು. ರಾಶಿ ದಟ್ಟವಿದ್ದರೆ ಬೇಕಾದದ್ದು ಹೆಚ್ಚು ಭಾಗಗಳು, ಹೆಚ್ಚು ಹೊತ್ತು.

ಮೂರನೆಯ ಯಂತ್ರಕ್ಕೆ ಮುಂಚೆ

ಆಕೆಗೆ ಆಗ ಯಂತ್ರವೇ ಬೇಡವಾಗಿತ್ತು. ರಾಸಾಯನಿಕ ಹಾಕಿ ಕೂದಲು ನೆಟ್ಟಗೆ ಮಾಡುವ ಸ್ಮೂದನಿಂಗ್ ಮಾಡಿಸಿಬಿಡುತ್ತೇನೆ, ಆರು ತಿಂಗಳ ಚಿಂತೆ ಹೋಗುತ್ತದೆ ಎಂದರು. ನಾನೂ ಆ ಕೆಲಸ ಮಾಡುತ್ತೇನೆ, ಅಷ್ಟು ಉದ್ದದ ಕೂದಲಿಗೆ ಒಳ್ಳೆಯ ಹಣವೇ ಸಿಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಒಳಗೆ ಗುಳ್ಳೆ ಬಿದ್ದ ಕೂದಲಿಗೆ ರಾಸಾಯನಿಕ ಹಾಕಿ, ಅದರ ಮೇಲೆ ಮತ್ತೆ ಪ್ಲೇಟು ಓಡಿಸಿದರೆ ಉಳಿಯುವುದು ಎಷ್ಟು? ಕೆರಾಟಿನ್ ಟ್ರೀಟ್‌ಮೆಂಟ್ ಎಂದು ಮಾರುವ ಹಲವು ದ್ರಾವಣಗಳು ಕಾದಾಗ ಫಾರ್ಮಾಲ್ಡಿಹೈಡ್ ಆವಿ ಬಿಡುತ್ತವೆ ಎಂಬುದು ಇನ್ನೊಂದು. ಕಣ್ಣು ಉರಿಯುವ ಆ ಕೆಲಸ ಮಾಡಿದ ದಿನ ನನಗೇ ರಾತ್ರಿ ಗಂಟಲು ಕೆರೆಯುತ್ತದೆ. ಬೇಡ ಎಂದೆ. ಆಕೆ ಬೇಸರಪಟ್ಟುಕೊಂಡೇ ಒಪ್ಪಿದರು.

ಏಪ್ರಿಲ್, ಮೇ ಕಾಲೇಜಿಗೆ ರಜೆ. ತುದಿಯಿಂದ ನಾಲ್ಕು ಅಂಗುಲ ಕತ್ತರಿಸಿದೆವು. ಎರಡು ತಿಂಗಳು ಪ್ಲೇಟು ಮುಟ್ಟುವಂತಿಲ್ಲ ಎಂದು ಕರಾರು. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರಿನ ಮೇಲೆ ಚೂರು. ಅವಸರ ಮಾಡಿ ಪ್ರಯೋಜನವಿಲ್ಲ. ನೀರಿನ ಬಗ್ಗೆಯೂ ಒಂದು ಮಾತಾಯಿತು. ಅವರ ಮನೆಯಲ್ಲಿ ನಲ್ಲಿ ನೀರು ಬಾರದ ದಿನ ಬೋರ್ ನೀರು. ಬೇಳೆ ಬೇಯದ, ಸೋಪು ನೊರೆಯಾಡದ ನೀರು. ಅದರ ಸುಣ್ಣದಂಶ ಕೂದಲಿನ ಮೇಲೆ ಕೂತು ಒರಟು ಮಾಡುತ್ತದೆ. ಕೊನೆಯ ಎರಡು ಚೊಂಬನ್ನಾದರೂ ನಲ್ಲಿ ನೀರಿನಲ್ಲಿ ಹಾಕಿಕೊಳ್ಳಿ ಎಂದೆ. ಇದೇನು ದೊಡ್ಡ ಮದ್ದಲ್ಲ, ಸಿಕ್ಕು ಕಡಿಮೆಯಾಯಿತು ಅಷ್ಟೇ.

ಈ ರಜೆಯಲ್ಲಿ ಮಾಡಿದ ಒಂದು ಪರೀಕ್ಷೆ ಮಾತ್ರ ಎಲ್ಲವನ್ನೂ ಬದಲಿಸಿತು. ತಲೆಸ್ನಾನ ಮಾಡಿ, ಎಷ್ಟು ಹೊತ್ತಿಗೆ ನಿಜವಾಗಿ ಒಣಗುತ್ತದೆ ಎಂದು ಬರೆದಿಡಲು ಹೇಳಿದೆ. ಮೇಲ್ಪದರವಲ್ಲ, ಕತ್ತಿನ ಹಿಂಬದಿಯ ಒಳಪದರ. ಬಿಳಿ ಹತ್ತಿ ಬಟ್ಟೆಯಲ್ಲಿ ಒಂದು ಹಿಡಿ ಕೂದಲನ್ನು ಬಿಗಿಯಾಗಿ ಹತ್ತು ಎಣಿಸುವವರೆಗೆ ಹಿಡಿದು, ಬಟ್ಟೆ ಕೆನ್ನೆಗೆ ಒತ್ತಿ ನೋಡುವುದು; ತಣ್ಣಗೆ ತಾಗಿದರೆ ಇನ್ನೂ ನೀರಿದೆ. ದಾವಣಗೆರೆಯ ಮೇ ತಿಂಗಳ ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ, ಸಂಜೆ ನಾಲ್ಕಕ್ಕೆ ತೊಯ್ದ ಕೂದಲು ಒಳಗೆ ಒಣಗಿದ್ದು ರಾತ್ರಿ ಎಂಟೂವರೆಗೆ. ನಾಲ್ಕೂವರೆ ಗಂಟೆ! ಆಕೆ ಅದಕ್ಕೆ ಕೊಡುತ್ತಿದ್ದದ್ದು ಹದಿನೈದು ನಿಮಿಷ.

ಅಲ್ಲಿಗೆ ಬೆಳಗಿನ ತಲೆಸ್ನಾನ ನಿಂತಿತು. ನಾನು ಹೇಳಿ ನಿಲ್ಲಿಸಲಿಲ್ಲ. ತಮ್ಮದೇ ಕೈಬರಹದಲ್ಲಿ ಬರೆದಿಟ್ಟ ಗಂಟೆಯನ್ನು ನೋಡಿ ಆಕೆಯೇ ನಿಲ್ಲಿಸಿದರು. ಶನಿವಾರ ಮತ್ತು ಬುಧವಾರ ಸಂಜೆ ತಲೆಸ್ನಾನ ಎಂದಾಯಿತು. ಶನಿವಾರ ಸಂಜೆ ತಲೆಗೆ ನೀರು ಹಾಕಿಕೊಳ್ಳುತ್ತಾರೆಯೇ ಎಂದು ಅಜ್ಜಿ ಒಂದು ವಾರ ಗೊಣಗಿದರಂತೆ.

ಅಂಗಡಿಯಲ್ಲಿ

ಜೂನ್ ಮೊದಲ ವಾರ ಇಬ್ಬರೂ ಸೇರಿ ಯಂತ್ರ ಕೊಳ್ಳಲು ಹೋದೆವು. ಅಂಗಡಿಯ ಹುಡುಗ ಟೂರ್ಮಲಿನ್, ಅಯಾನಿಕ್, ಆರ್ಗಾನ್ ಎಣ್ಣೆ ತುಂಬಿದ ಪ್ಲೇಟು ಎಂದು ಮಂತ್ರ ಹೇಳತೊಡಗಿದ. ಅವನ ತಪ್ಪಲ್ಲ, ಡಬ್ಬಿಯ ಮೇಲೆ ಇರುವುದನ್ನೇ ಓದುತ್ತಿದ್ದ. ನಾವು ಕೇಳಿದ್ದು ಬೇರೆ.

ಶಾಖ ಅಂಕಿಯಲ್ಲಿ ಕಾಣಬೇಕು, ಹತ್ತು ಹತ್ತಾಗಿಯಾದರೂ ಏರಿಸಲು ಇಳಿಸಲು ಬರಬೇಕು. ‘ಕಡಿಮೆ, ಮಧ್ಯಮ, ಹೆಚ್ಚು’ ಎಂಬುದು ಆಗದು, ಒಬ್ಬರ ಮಧ್ಯಮ ಇನ್ನೊಬ್ಬರ ಹೆಚ್ಚು. ಪ್ಲೇಟು ಸೆರಾಮಿಕ್ ಆಗಲಿ. ಕೈ ಪಳಗದವರಿಗೆ ಟೈಟಾನಿಯಂ ತೀರಾ ಚುರುಕು, ಒಂದು ಕ್ಷಣ ಕೈ ನಿಂತರೂ ಅಲ್ಲೊಂದು ಕಲೆ. ಅಗಲ ಒಂದೂವರೆ ಅಂಗುಲದ ಹತ್ತಿರ ಇರಲಿ, ಉದ್ದನೆಯ ದಟ್ಟ ಕೂದಲಿಗೆ ಅದು ಹದ. ಎರಡು ಅಂಗುಲದ್ದು ನೆತ್ತಿಯ ಹತ್ತಿರ ಹೋಗುವುದಿಲ್ಲ. ಮರೆತು ಬಸ್ಸು ಹತ್ತಿದರೆ ತಾನೇ ಆರುವ ವ್ಯವಸ್ಥೆ ಇರಬೇಕು. ವಾಟ್ ಎಷ್ಟು ಎಂದು ಹುಡುಗ ಹೇಳಿದ್ದಕ್ಕೆ ನಾವು ಕಿವಿಗೊಡಲಿಲ್ಲ. ಬಟ್ಟೆಯ ಇಸ್ತ್ರಿ ಪೆಟ್ಟಿಗೆ ಸಾವಿರ ವಾಟ್ ತಿಂದರೆ ಇವು ಐವತ್ತರ ಆಸುಪಾಸು. ಅದರಿಂದ ಪ್ಲೇಟಿನ ಶಾಖ ಎಷ್ಟೆಂದು ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ನನ್ನದೇ. ಆಕೆಯ ಬ್ಯಾಗಿನಿಂದ ಹಳೆಯ ಬಸ್ ಟಿಕೆಟ್ ಒಂದನ್ನು ಇಸಿದುಕೊಂಡು, ತಣ್ಣಗಿನ ಪ್ಲೇಟುಗಳ ನಡುವೆ ತುದಿಯಲ್ಲಿ ಇಟ್ಟು ಮುಚ್ಚಿ ಎಳೆದೆ, ಹಿಡಿಯಿತು. ಹಿಡಿಕೆಯ ಕಡೆ ಇಟ್ಟು ಎಳೆದೆ, ಜಾರಿ ಬಂತು. ಎಂದರೆ ಪ್ಲೇಟು ಒಂದೇ ಸಮ ಕೂಡುತ್ತಿಲ್ಲ. ಜಾರುವ ಕಡೆ ಕೂದಲಿಗೆ ಶಾಖ ಮುಟ್ಟುವುದಿಲ್ಲ, ಇವರು ಮತ್ತೆ ಮತ್ತೆ ಎಳೆಯುತ್ತಾರೆ. ಮೂರು ಯಂತ್ರ ಹೀಗೆ ಬಿದ್ದುಹೋದವು. ನಾಲ್ಕನೆಯದರ ಪ್ಲೇಟಿನ ಕೆಳಗೆ ಸ್ಪ್ರಿಂಗ್ ಇತ್ತು, ಒತ್ತಿದರೆ ತುಸು ಕುಸಿದು ಏಳುತ್ತಿತ್ತು. ಟಿಕೆಟ್ಟನ್ನು ಎರಡೂ ಕಡೆ ಬಿಗಿಯಾಗಿ ಹಿಡಿಯಿತು. ಅದನ್ನೇ ಕೊಂಡೆವು. ಬೆಲೆಯಲ್ಲಿ ಅದು ಅಲ್ಲಿದ್ದವುಗಳ ಪೈಕಿ ನಡುವಿನದು.

185

ಮೊದಲ ಪ್ರಯೋಗ ಭಾನುವಾರ, ನನ್ನ ಎದುರಿಗೆ. ಹಿಂದಿನ ಸಂಜೆ ತೊಯ್ದ ಕೂದಲು, ಎಣ್ಣೆಯಿಲ್ಲ, ಸಿಕ್ಕು ಪೂರ್ತಿ ಬಿಡಿಸಿದ್ದು. ಸಿಲಿಕೋನ್ ಇರುವ ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇಯನ್ನು ಭಾಗಭಾಗವಾಗಿ ಹೊಡೆದು, ಅದೂ ಆರುವವರೆಗೆ ಕಾದೆವು. ಅದು ಶಾಖವನ್ನು ಹರಡಿ ಏಟನ್ನು ತುಸು ತಗ್ಗಿಸುತ್ತದೆ. ಕವಚವೆಂದು ನಂಬಿ ಶಾಖ ಏರಿಸುವ ಹಾಗಿಲ್ಲ.

ಕತ್ತಿನ ಹಿಂದೆ ಯಾರಿಗೂ ಕಾಣದ ಒಂದು ಭಾಗ ಹಿಡಿದು 160ರಿಂದ ಶುರು ಮಾಡಿದೆವು. ಅಲೆ ಅರ್ಧ ಉಳಿಯಿತು. 170, ಸ್ವಲ್ಪ ಉಳಿಯಿತು. 180, ತುದಿಯಲ್ಲಿ ಮಾತ್ರ. 185ರಲ್ಲಿ ಒಂದೇ ಎಳೆತಕ್ಕೆ ನೆಟ್ಟಗಾಯಿತು. ಆಕೆ ಮೊಬೈಲಿನಲ್ಲಿ ಲೆಕ್ಕ ಹಾಕಿ, ‘365!’ ಎಂದು ಕೂಗಿದರು. ಅಕ್ಕ ಹೇಳಿದ್ದು ಮೊದಲಿನಿಂದಲೂ ಸರಿಯೇ ಇತ್ತು.

ಕೈಯ ಅಭ್ಯಾಸ ಬದಲಿಸುವುದು ಯಂತ್ರ ಬದಲಿಸಿದಷ್ಟು ಸುಲಭವಾಗಲಿಲ್ಲ. ಆಕೆಯ ಎರಡು ಬೆರಳ ಕಂತೆಯಲ್ಲಿ ಮೇಲ್ಪದರಕ್ಕೆ ಮಾತ್ರ ಶಾಖ ತಾಗಿ ನಡುವಿನದು ಹಸಿಯಾಗಿಯೇ ಉಳಿಯುತ್ತಿತ್ತು, ದಪ್ಪ ರೊಟ್ಟಿ ಬೇಯಿಸಿದ ಹಾಗೆ. ಕೂದಲನ್ನು ಹರಡಿ ಹಿಡಿದರೆ ಹಿಂದಿನ ಬೆರಳು ಕಾಣಬೇಕು, ಪ್ಲೇಟಿಗಿಂತ ಅಗಲ ಇರಬಾರದು ಎಂದು ಅಳತೆ ಕೊಟ್ಟೆ. ಹಾಗೆ ಮಾಡಿದಾಗ ತಲೆ ಇಪ್ಪತ್ತೆರಡು ಭಾಗವಾಯಿತು. ಪ್ಲೇಟಿನ ಮುಂದೆ ಮುಂದೆ ಬಾಚಣಿಗೆ ನಡೆಯಬೇಕು, ಅದರ ಹಿಂದೆಯೇ ಪ್ಲೇಟು. ಬುಡದಿಂದ ತುದಿಗೆ ಎಂಟು ಹತ್ತು ಎಣಿಸುವಷ್ಟು ನಿಧಾನ, ಎಲ್ಲಿಯೂ ನಿಲ್ಲದೆ. ಆರುವ ಮುಂಚೆ ಕೈ ಹಾಕಬಾರದು, ಕಿವಿಯ ಹಿಂದೆ ಸಿಕ್ಕಿಸಬಾರದು. ಮೊದಲೆಲ್ಲ ಬಿಸಿಯಿರುವಾಗಲೇ ಕ್ಲಿಪ್ ಹಾಕಿ ಬಸ್ಸಿಗೆ ಓಡುತ್ತಿದ್ದರು. ಬಂಧ ಕೂಡಿಕೊಳ್ಳುವ ಹೊತ್ತಿಗೆ ಕೂದಲು ಮಡಿಚಿರುತ್ತಿತ್ತು, ಮಡಿಕೆಯೇ ನಿಲ್ಲುತ್ತಿತ್ತು. ಹಣೆಯ ತೆಳು ಕೂದಲಿಗೆ ಮಾತ್ರ 160, ಅದೂ ಕೊನೆಯಲ್ಲಿ.

ಮೊದಲ ದಿನ ಐವತ್ತೈದು ನಿಮಿಷ ಹಿಡಿಯಿತು. ತಿಂಗಳು ಕಳೆಯುವ ಹೊತ್ತಿಗೆ ಮೂವತ್ತೈದಕ್ಕೆ ಇಳಿಯಿತು. ಭಾನುವಾರ ರಾತ್ರಿ ಮಾಡಿ, ಸಡಿಲವಾಗಿ ಸುತ್ತಿ ಮಲಗಿದರೆ ಮಂಗಳವಾರದವರೆಗೆ ನಿಲ್ಲುತ್ತಿತ್ತು. ಪೊಟ್ಟಣದಲ್ಲಿ ಕೂಡಿಡುವಷ್ಟು ತುಂಡು ಸಿಗುವುದು ನಿಂತಿತು.

ಜುಲೈ

ಇಲ್ಲಿಗೆ ಮುಗಿಸಿದ್ದರೆ ಚೆಂದವಿತ್ತು. ಆಷಾಢದ ಜಿಟಿಜಿಟಿ ಹಿಡಿಯಿತು. ಮುಚ್ಚದ ಬಸ್ಸಿನ ಕಿಟಕಿ, ಎರಚಲು, ಜನರ ಉಸಿರು. ಒಂಬತ್ತೂವರೆಗೆ ಕಾಲೇಜಿನ ಕನ್ನಡಿಯಲ್ಲಿ ನೋಡಿದರೆ ಭಾನುವಾರ ರಾತ್ರಿಯ ಮೂವತ್ತೈದು ನಿಮಿಷ ಮಣ್ಣುಪಾಲು. ಆಕೆ ಸಿಟ್ಟಿನಿಂದ ಒಂದು ಬೆಳಗ್ಗೆ 210ಕ್ಕೆ ಏರಿಸಿ ಮತ್ತೊಮ್ಮೆ ಎಳೆದರು. ಆ ದಿನವೂ ಅಲೆ ವಾಪಸ್ಸು ಬಂತು. ‘ಇನ್ನೂ ಒಳ್ಳೆಯ ಯಂತ್ರ ಇರಬಹುದೇ?’ ಎಂದು ಸಂಜೆ ಫೋನ್ ಮಾಡಿದರು.

ಇಲ್ಲ ಎಂದೆ. ತೇವಕ್ಕೆ ಎದುರು ನಿಲ್ಲುವ ಪ್ಲೇಟು ಇಲ್ಲ. ಮಳೆಯ ವಾರಗಳಲ್ಲಿ ಮುಂಭಾಗ ಮತ್ತು ಮೇಲ್ಪದರ ಮಾತ್ರ ಮಾಡಿ, ಉಳಿದದ್ದನ್ನು ಜಡೆಗೆ ಬಿಡಿ, ಏಳೆಂಟು ನಿಮಿಷದ ಕೆಲಸ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಇದನ್ನು ಮೊದಲೇ ಹೇಳಿದ್ದರೆ ಯಂತ್ರವನ್ನೇ ಕೊಳ್ಳುತ್ತಿರಲಿಲ್ಲವಲ್ಲ ಅಕ್ಕ’ ಎಂದರು. ನ್ಯಾಯವಾದ ಮಾತು. ಕೊಳ್ಳುವ ಮುಂಚೆ ಹೇಳಬೇಕಿತ್ತು.

ಈ ಪ್ರಕರಣದ ನಂತರ ನನ್ನ ಪಾರ್ಲರಿನಲ್ಲಿ ಬದಲಾದದ್ದು ಹೀಗೆ. ಸ್ಟ್ರೈಟ್ನರ್ ಯಾವುದು ಕೊಳ್ಳಲಿ ಎಂದು ಯಾರೇ ಕೇಳಿದರೂ ಮೊದಲು ಯಂತ್ರದ ಮಾತಾಡುವುದಿಲ್ಲ. ತಲೆಸ್ನಾನ ಎಷ್ಟು ಗಂಟೆಗೆ, ಪ್ಲೇಟು ಎಷ್ಟು ಗಂಟೆಗೆ, ನಡುವೆ ಏನು ಹಚ್ಚುತ್ತೀರಿ ಎಂದು ಕೇಳುತ್ತೇನೆ. ಒಂದು ಎಳೆ ಹೊಸೆದು ನೋಡುತ್ತೇನೆ. ಪ್ಲೇಟು ಇಟ್ಟಾಗ ಸದ್ದು ಬರುತ್ತದೆಯೇ ಎಂದು ಕೇಳುತ್ತೇನೆ. ‘ಬರುತ್ತದೆ’ ಎನ್ನುವವರು ಹತ್ತರಲ್ಲಿ ನಾಲ್ಕು ಮಂದಿಯಾದರೂ ಸಿಗುತ್ತಾರೆ, ಅದೂ ಹೆಮ್ಮೆಯಿಂದ. ಇನ್ನು 230ಕ್ಕೆ ಇಡಿ ಎಂಬ ಮಾತನ್ನು ಆ ಮಾರ್ಚಿನ ನಂತರ ಯಾರಿಗೂ ಹೇಳಿಲ್ಲ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಆಕೆ ತುದಿ ಸಮ ಮಾಡಿಸಲು ಬಂದರು. ಹಣೆಯ ಮೇಲೆ ಮುರಿದು ನಿಂತಿದ್ದ ಕೂದಲು ಈಗ ಕೆನ್ನೆಯವರೆಗೆ ಇಳಿದಿತ್ತು, ಎರಡು ಕಡೆಯೂ ಸಣ್ಣ ಅಲೆ. ಹಬ್ಬಕ್ಕೆ ಇದನ್ನೂ ನೆಟ್ಟಗೆ ಮಾಡಿಕೊಡಲೇ ಎಂದು ಪ್ಲೇಟು ಕೈಗೆತ್ತಿಕೊಂಡೆ. ಅವರು ಎರಡೂ ಕೈಯಿಂದ ಹಣೆ ಮುಚ್ಚಿಕೊಂಡರು.

‘ಹಿಂದಿನದು ಎಷ್ಟು ಬೇಕಾದರೂ ಮಾಡಿ ಅಕ್ಕ. ಇದನ್ನು ಮುಟ್ಟಬೇಡಿ, ಒಂಬತ್ತು ತಿಂಗಳಾಗಿದೆ.’